ರಕ್ತ ಕಾಣುವವರೆಗೆ ಕಾಯಬೇಡಿ: ನಾಯಿಮರಿಯ ಕಾಯಿಲೆಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲೂಕಿನಲ್ಲಿ ಸಣ್ಣ ಕಾಫಿ ತೋಟ. ಕಳೆದ ವರ್ಷ ಆಷಾಢದಲ್ಲಿ ಎರಡು ತಿಂಗಳ ಲ್ಯಾಬ್ರಡಾರ್ ಮರಿ ರಕ್ತಭೇದಿಯಾಗಿ ಎರಡೇ ದಿನದಲ್ಲಿ ಸತ್ತುಹೋಯಿತು. ಮಕ್ಕಳು ವಾರಗಟ್ಟಲೆ ಅತ್ತರು. ಈಗ ಹಾಸನದಿಂದ 48 ದಿನದ ಇನ್ನೊಂದು ಮರಿ ತಂದು ನಾಲ್ಕು ದಿನವಾಯಿತು. ಚೆನ್ನಾಗಿ ಆಡುತ್ತದೆ, ತಿನ್ನುತ್ತದೆ, ವಾಂತಿ ಇಲ್ಲ. ಆದರೆ ಹೊಟ್ಟೆ ಉಬ್ಬಿಕೊಂಡಿದೆ, ಮಲ ತೆಳ್ಳಗೆ ಹೋಗುತ್ತಿದೆ, ಕಿವಿಯೊಳಗೆ ಉಣುಗು ಇವೆ. ಪಶು ಆಸ್ಪತ್ರೆ 22 ಕಿಲೋಮೀಟರ್ ದೂರ. ಮನೆಯಲ್ಲಿ ಏನು ಮಾಡಬಹುದು? ಯಾವಾಗ ಡಾಕ್ಟರ ಹತ್ತಿರ ಓಡಬೇಕು? ಹಿಂದಿನ ಮರಿ ಮಲಗುತ್ತಿದ್ದ ಜಾಗದಲ್ಲೇ ಇದನ್ನು ಮಲಗಿಸಬಹುದಾ? ಇದು ಆಡುತ್ತಾ ಮಕ್ಕಳ ಕೈ ಕಚ್ಚುತ್ತದೆ, ಅದಕ್ಕೆ ಏನಾದರೂ ಮಾಡಬೇಕಾ?

ಉತ್ತರ: ನಿಮ್ಮ ಹಿಂದಿನ ಮರಿಯ ವಿಷಯ ಓದಿ ಬೇಸರವಾಯಿತು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಪಶುವೈದ್ಯನಾಗಿ ಕೆಲಸ ಮಾಡಿದವನು ನಾನು. ಮಳೆಗಾಲ ಬಂತೆಂದರೆ ಇದೇ ಕಥೆಯನ್ನು ಎಷ್ಟು ಮನೆಗಳಿಂದ ಕೇಳಿದ್ದೇನೋ ಲೆಕ್ಕವಿಲ್ಲ.

ಮೊದಲು ಹೊಸ ಮರಿಯ ವಿಷಯ. ಆಡುತ್ತಿದೆ, ತಿನ್ನುತ್ತಿದೆ, ವಾಂತಿ ಇಲ್ಲ ಎಂದಿದ್ದೀರಿ. ಹಾಗಿದ್ದರೆ ಈ ಗಳಿಗೆಗೆ ಗಾಬರಿ ಬೇಡ. ತಾಯಿಯನ್ನು ಬಿಟ್ಟು ಬಂದ ಮರಿಗೆ ಮನೆ ಬದಲಾಗಿದೆ, ನೀರು ಬದಲಾಗಿದೆ, ಊಟ ಬದಲಾಗಿದೆ. ಅಷ್ಟಕ್ಕೇ ಮೂರು ನಾಲ್ಕು ದಿನ ಮಲ ತೆಳ್ಳಗಾಗುವುದುಂಟು. ಜೊತೆಗೆ ನೀವು ಹಸುವಿನ ಹಾಲು ಕೊಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಹಸುವಿನ ಹಾಲಿನ ಸಕ್ಕರೆ ಅಂಶವನ್ನು ಅರಗಿಸಿಕೊಳ್ಳುವ ಶಕ್ತಿ ಬಹಳ ಮರಿಗಳಿಗೆ ಇರುವುದಿಲ್ಲ. ಹಾಲು ಬಿಟ್ಟ ಎರಡೇ ದಿನಕ್ಕೆ ಮಲ ಗಟ್ಟಿಯಾದ ಮರಿಗಳನ್ನು ತುಂಬಾ ನೋಡಿದ್ದೇನೆ.

ಆದರೂ ಮರಿ ಬಂದ ಮೊದಲ ಎರಡು ವಾರ ಕಣ್ಣಿಟ್ಟಿರಬೇಕು. ಅಲ್ಲಿಂದಲೇ ಯಾವುದಾದರೂ ಸೋಂಕು ಹೊತ್ತು ಬಂದಿದ್ದರೆ ಅದು ಹೊರಬೀಳುವುದು ಈ ದಿನಗಳಲ್ಲೇ.

ನಿಮ್ಮ ಮೊದಲ ಮರಿಯನ್ನು ನಾನು ನೋಡಿಲ್ಲ, ಪರೀಕ್ಷೆಯೂ ಆಗಿಲ್ಲ. ಆದರೆ ಎರಡು ತಿಂಗಳ ವಯಸ್ಸು, ಲಸಿಕೆ ಪೂರ್ತಿಯಾಗಿಲ್ಲ, ರಕ್ತಭೇದಿ, ಎರಡು ದಿನದಲ್ಲಿ ಸಾವು. ಹೀಗಿದ್ದಾಗ ಯಾವ ಪಶುವೈದ್ಯರೇ ಆಗಲಿ ಮೊದಲು ಸಂಶಯ ಪಡುವುದು ಪಾರ್ವೋ ವೈರಸ್ ಮೇಲೆ. ಇದು 1978ರ ಸುಮಾರಿಗೆ ನಾಯಿಗಳಲ್ಲಿ ಹೊಸದಾಗಿ ಕಾಣಿಸಿಕೊಂಡ ರೋಗ. ಎರಡೇ ವರ್ಷದಲ್ಲಿ ಜಗತ್ತೆಲ್ಲ ಹಬ್ಬಿತು. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ ಜಾಸ್ತಿ ಬರುತ್ತದೆ.

ಇದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ಗೊತ್ತಿದ್ದರೆ ಯಾವಾಗ ಓಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಕರುಳಿನ ಒಳಗೋಡೆಯ ಜೀವಕೋಶಗಳು ದಿನಾ ಸವೆದು ದಿನಾ ಹೊಸದಾಗಿ ಹುಟ್ಟುತ್ತಿರುತ್ತವೆ. ಹೀಗೆ ಬೇಗಬೇಗ ಹುಟ್ಟುವ ಜೀವಕೋಶಗಳೇ ಪಾರ್ವೋಗೆ ಬೇಕು. ಅವು ಸತ್ತರೆ ಕರುಳಿನ ಒಳಪದರ ಕಿತ್ತುಬರುತ್ತದೆ. ಅದೇ ಹೊತ್ತಿಗೆ ಮೂಳೆಯ ಮಜ್ಜೆಗೂ ಕೈ ಹಾಕುವುದರಿಂದ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಇಳಿಯುತ್ತವೆ. ಆಗ ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ತಡೆಯಿಲ್ಲದೆ ರಕ್ತಕ್ಕೆ ನುಗ್ಗುತ್ತವೆ. ಮರಿ ಸಾಯುವುದು ಹೆಚ್ಚಾಗಿ ಮೈಯ ನೀರು ಬತ್ತಿ, ಇಲ್ಲವೇ ಈ ನಂಜು ಏರಿ.

ಈಗ ಕ್ರಮ ನೋಡಿ. ಮೊದಲ ದಿನ ಮರಿ ಸುಮ್ನೆ ಮಂಕಾಗಿರುತ್ತದೆ. ಕರೆದರೆ ತಲೆ ಎತ್ತುತ್ತದೆ, ಎದ್ದು ಬರುವುದಿಲ್ಲ. ಊಟ ಮೂಸಿ ಬಿಡುತ್ತದೆ. ಆಮೇಲೆ ನೊರೆ ನೊರೆಯಾದ ಬಿಳಿ ಅಥವಾ ಹಳದಿ ವಾಂತಿ. ನಂತರ ಭೇದಿ. ರಕ್ತ ಬೀಳುವುದು ಬಹಳ ಸಲ ಕೊನೆಗೆ, ಕರುಳಿನ ಪದರ ಹರಿದ ಮೇಲೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಜನ ನಮ್ಮ ಹತ್ತಿರ ಓಡಿಬರುವುದು ಆ ರಕ್ತ ಕಂಡ ಮೇಲೆ. ಅಷ್ಟರಲ್ಲಿ ಒಂದಿಡೀ ದಿನ ಕಳೆದುಹೋಗಿರುತ್ತದೆ. ಒಂದೂವರೆ ಕೆಜಿ ತೂಗುವ ಜೀವಕ್ಕೆ ಒಂದು ದಿನ ಅಂದರೆ ಬಹಳ ದೊಡ್ಡದು.

ಸಕಲೇಶಪುರ ಕಡೆ ಕೆಲಸದಲ್ಲಿದ್ದಾಗಿನ ಒಂದು ರಾತ್ರಿ ಇನ್ನೂ ಕಣ್ಣ ಮುಂದಿದೆ. ಆರಿದ್ರಾ ಮಳೆ ಹಿಡಿದಿತ್ತು. ಲೈನ್ ಮನೆಯ ಹಿರಿಯರೊಬ್ಬರು ಕಂಬಳಿ ಕೊಪ್ಪೆಯೊಳಗೆ ಒಂದು ಮರಿ ಇಟ್ಟುಕೊಂಡು ಬಂದರು. "ಸಂಜೆಯಿಂದ ಹಾಕಿದ ಅನ್ನ ಮುಟ್ಟಿಲ್ಲ, ಎರಡು ಸಲ ಕಕ್ಕಿತು, ಯಾಕೋ ಮನಸ್ಸು ತಡೀಲಿಲ್ಲ ಸಾರ್" ಅಂದರು. ಭೇದಿ ಇನ್ನೂ ಶುರುವಾಗಿರಲಿಲ್ಲ. ಮುಂಗಾಲಿನ ನರಕ್ಕೆ ಸೂಜಿ ಸುಲಭವಾಗಿ ಸಿಕ್ಕಿತು, ಡ್ರಿಪ್ ಹಾಕಿದೆವು. ಅದೇ ತಾಯಿಯ ಇನ್ನೊಂದು ಮರಿ ಪಕ್ಕದ ಮನೆಯಲ್ಲಿತ್ತು. ಅವರು ಮಜ್ಜಿಗೆ ಅನ್ನ ಹಾಕಿ ಬೆಳಗಾಗಲಿ ಎಂದು ಕಾದರು. ಮಾರನೇ ದಿನ ಹನ್ನೊಂದು ಗಂಟೆಗೆ ಅದನ್ನು ತಂದಾಗ ಮೈ ತಣ್ಣಗಿತ್ತು. ಬೆನ್ನಿನ ಚರ್ಮ ಹಿಡಿದು ಬಿಟ್ಟರೆ ಮಡಿಸಿದ ಬಟ್ಟೆಯ ಹಾಗೆ ನಿಂತೇ ಇತ್ತು. ಒಸಡು ಸುಣ್ಣದ ಬಣ್ಣಕ್ಕೆ ತಿರುಗಿತ್ತು. ನರಗಳೆಲ್ಲ ಬತ್ತಿ ಎಲ್ಲೂ ಸೂಜಿ ಸಿಗಲಿಲ್ಲ. ಕೊನೆಗೆ ತೊಡೆಮೂಳೆಯೊಳಗೇ ಸೂಜಿ ಇಳಿಸಿ ದ್ರವ ಕೊಟ್ಟೆವು. ಮಧ್ಯಾಹ್ನ ಹೋಯಿತು. ಮೊದಲನೆಯದು ಐದು ದಿನ ಡ್ರಿಪ್ ಮೇಲಿದ್ದು ಎದ್ದು ನಿಂತಿತು. ಒಂದೇ ತಾಯಿ, ಒಂದೇ ರೋಗ. ನನಗೆ ಕಂಡ ವ್ಯತ್ಯಾಸ ಸುಮಾರು ಹದಿನಾಲ್ಕು ಗಂಟೆ.

ಪಾರ್ವೋ ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧಿ ನಮ್ಮ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ನಾವು ಮಾಡುವುದು ಇಷ್ಟೇ. ಕಳೆದುಹೋದ ನೀರು, ಲವಣ, ಸಕ್ಕರೆ ತುಂಬಿಕೊಡುತ್ತೇವೆ. ವಾಂತಿ ನಿಲ್ಲಿಸುತ್ತೇವೆ. ನಂಜಾಗದಂತೆ ಆಂಟಿಬಯೋಟಿಕ್ ಕೊಡುತ್ತೇವೆ. ಬೆಚ್ಚಗಿಡುತ್ತೇವೆ. ಅಷ್ಟು ಹೊತ್ತು ಬದುಕಿಸಿಟ್ಟರೆ ಕರುಳು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಮೊದಲ ಮೂರು ನಾಲ್ಕು ದಿನ ದಾಟಿದ ಮರಿಗಳು ಸಾಮಾನ್ಯವಾಗಿ ಉಳಿಯುತ್ತವೆ. ಹಾಗಾಗಿ "ಒಂದು ದಿನ ಡ್ರಿಪ್ ಹಾಕಿಸಿದೆವು, ಇನ್ನು ಸಾಕು" ಎಂದು ಮನೆಗೆ ಕರೆದೊಯ್ಯಬೇಡಿ. ದಿನಾ ಹೋಗಿಬರುವುದು ಕಷ್ಟ, ಖರ್ಚೂ ಇದೆ, ನನಗೆ ಗೊತ್ತು. ಆದರೂ ಅರ್ಧಕ್ಕೆ ಬಿಟ್ಟರೆ ಅಲ್ಲಿವರೆಗೆ ಮಾಡಿದ್ದೂ ದಕ್ಕುವುದಿಲ್ಲ.

ಈಗ ನೀವು ಮನೆಯಲ್ಲಿ ನೋಡಬೇಕಾದ್ದು. ಮರಿಯನ್ನು ತೊಡೆಯ ಮೇಲೆ ಹಾಕಿಕೊಳ್ಳಿ. ಹೆಬ್ಬೆರಳಿನಿಂದ ಮೇಲ್ತುಟಿ ಎತ್ತಿ. ಒಸಡು ತಿಳಿಗುಲಾಬಿ ಬಣ್ಣಕ್ಕಿರಬೇಕು. ಬೆರಳಿನಿಂದ ಒಮ್ಮೆ ಸವರಿ. ಜಾರಿದರೆ ಸರಿ. ಅಂಟಂಟಾಗಿ ಬೆರಳನ್ನು ಹಿಡಿದುಕೊಂಡರೆ ಮೈಯಲ್ಲಿ ನೀರು ಕಡಿಮೆಯಾಗುತ್ತಿದೆ. ಈಗ ಒಸಡನ್ನು ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತದೆ. ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಕೆಲವು ಮರಿಗಳ ಒಸಡು ಹುಟ್ಟಿನಿಂದಲೇ ಕಪ್ಪಗಿರುತ್ತದೆ. ಅಂಥವುಗಳಲ್ಲಿ ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ಬೆನ್ನಿನ ಚರ್ಮ ಎಳೆದು ನೋಡುವುದೂ ಒಂದು ಕ್ರಮವೇ. ಆದರೆ ಎಳೆಯ ಮರಿಗಳ ಚರ್ಮ ಸಡಿಲವಾಗಿರುವುದರಿಂದ ಮೋಸ ಹೋಗಬಹುದು. ನನಗೆ ಒಸಡಿನ ಮೇಲೇ ನಂಬಿಕೆ ಜಾಸ್ತಿ. ಆರೋಗ್ಯವಾಗಿರುವಾಗಲೇ ನಾಲ್ಕು ದಿನ ನೋಡಿಟ್ಟುಕೊಳ್ಳಿ, ಮಕ್ಕಳಿಗೂ ತೋರಿಸಿ. ಆಗ ಬಣ್ಣ ಬದಲಾದ ದಿನ ತಕ್ಷಣ ಗೊತ್ತಾಗುತ್ತದೆ.

ಮರಿಗೆಂದೇ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದೊಳಗೆ ಒಂದು ಇಂಚಿಗಿಂತ ಕಡಿಮೆ ಇಡಬೇಕು. ಮೂಗು ಒಣಗಿದೆ, ಕಿವಿ ಬಿಸಿ ಇದೆ ಅನ್ನುವುದರಿಂದ ಜ್ವರ ಗೊತ್ತಾಗುವುದಿಲ್ಲ. ನಾಯಿಯ ಮೈ ನಮಗಿಂತ ಬಿಸಿ. ಈ ವಯಸ್ಸಿನ ಮರಿಯಲ್ಲಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 103 ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಇನ್ನೊಂದು ಮಾತನ್ನು ಜನ ಮರೆಯುತ್ತಾರೆ. 99ಕ್ಕಿಂತ ಕೆಳಗೆ ಇಳಿದರೆ ಅದು ಜ್ವರಕ್ಕಿಂತ ಕೆಟ್ಟದ್ದು. ಅಂಥ ಮರಿಯನ್ನು ಟವೆಲ್‌ನಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟು, ಹಾಗೇ ಹೊರಡಿ.

ಮರಿ ಮಂಕಾಗಿ ಒಂದು ಹೊತ್ತಿನ ಊಟ ಬಿಟ್ಟು ಜೊತೆಗೆ ವಾಂತಿಯೋ ಭೇದಿಯೋ ಆದರೆ ಅದೇ ದಿನ ಹೊರಡಿ. ವಾಂತಿ ಭೇದಿ ಎರಡೂ ಇದ್ದರೆ ಆಗಲೇ ಹೊರಡಿ. ಒಸಡು ಬಿಳಿಚಿಕೊಂಡಿದ್ದರೆ, ಮರಿ ನಿಲ್ಲಲಾರದೆ ವಾಲುತ್ತಿದ್ದರೆ, ನಡುಗುತ್ತಿದ್ದರೆ ರಾತ್ರಿಯೇ ಆಗಿರಲಿ, ಫೋನ್ ಮಾಡಿ ಯಾರಾದರೊಬ್ಬ ಡಾಕ್ಟರನ್ನು ಎಬ್ಬಿಸಿ. ಪಶು ಆಸ್ಪತ್ರೆಯ ವೈದ್ಯರ ನಂಬರನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಪಶುಸಂಗೋಪನಾ ಇಲಾಖೆಯ 1962 ಸಹಾಯವಾಣಿಯ ಸಂಚಾರಿ ಚಿಕಿತ್ಸಾ ವಾಹನ ಮುಖ್ಯವಾಗಿ ದನಕರುಗಳಿಗೆ ಇರುವಂಥದ್ದು. ಆದರೂ ನಂಬರ್ ಬರೆದಿಟ್ಟಿರಿ. ಡ್ರಿಪ್, ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಬೇಕಾದಷ್ಟು ಗಂಭೀರವಾದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅದಕ್ಕೆ ಸೇರಿದ ಚಿಕಿತ್ಸಾಲಯವಿದೆ.

ದಾರಿಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಎಳೆಯ ಮರಿ ಊಟ ಬಿಟ್ಟರೆ ಅದರ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಅದರಲ್ಲೂ ಪೊಮೆರೇನಿಯನ್‌ನಂಥ ಸಣ್ಣ ಜಾತಿಗಳಲ್ಲಿ. ಮರಿ ಸೋತು ಬಿದ್ದಿದ್ದರೆ ಬೆರಳಿಗೆ ಜೇನುತುಪ್ಪವೋ ನೀರಲ್ಲಿ ಕಲಸಿದ ಗ್ಲೂಕೋಸೋ ಹಚ್ಚಿ ಒಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಬರೀ ತೆಳ್ಳಗೆ ಭೇದಿಯಾಗುತ್ತಿದ್ದು ಮರಿ ಚುರುಕಾಗಿದ್ದರೆ, ಅಂದರೆ ಈಗ ನಿಮ್ಮದು ಇರುವ ಹಾಗೆ, ಮೆಡಿಕಲ್ ಶಾಪಿನ ಓಆರ್‌ಎಸ್ ಪ್ಯಾಕೆಟ್ಟನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, ಕಾಲು ಗಂಟೆಗೊಮ್ಮೆ ಒಂದೊಂದು ಟೀ ಚಮಚ ನೆಕ್ಕಿಸಿ. ಮೆತ್ತಗೆ ಬೆಂದ ಅನ್ನ, ಉಪ್ಪು ಖಾರ ಇಲ್ಲದೆ ಬೇಯಿಸಿದ ಮೂಳೆಯಿಲ್ಲದ ಕೋಳಿ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡಿ. ದೊಡ್ಡ ನಾಯಿಯನ್ನು ಉಪವಾಸ ಕೆಡವುವ ಹಾಗೆ ಮರಿಯನ್ನು ಕೆಡವಬೇಡಿ.

ನಮ್ಮ ಕಡೆ ಮಗುವಿಗೆ ಭೇದಿಯಾದರೆ ಜಾಕಾಯಿ ತೇದು ನೆಕ್ಕಿಸುತ್ತೇವೆ, ಅಲ್ವಾ? ಮರಿಗೆ ಅದು ಬೇಡ. ಜಾಕಾಯಿ ನಾಯಿಗೆ ಆಗಿಬರುವುದಿಲ್ಲ. ಜಂತಿಗೆ ಬೆಳ್ಳುಳ್ಳಿ ಕೊಡುವವರಿದ್ದಾರೆ. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳ ಚೂರನ್ನೂ ಕೊಡಬೇಡಿ. ಭೇದಿ ನಿಲ್ಲಿಸುವ ಮನುಷ್ಯರ ಮಾತ್ರೆಯೂ ಬೇಡ. ಅದು ಕರುಳಿನ ಚಲನೆಯನ್ನು ನಿಲ್ಲಿಸಿ ನಂಜನ್ನು ಒಳಗೇ ಕೂಡಿಹಾಕುತ್ತದೆ.

ಉಬ್ಬಿದ ಹೊಟ್ಟೆಗೆ ಬರೋಣ. ಬೆನ್ನೆಲುಬು ಕಾಣುವಷ್ಟು ಮೈ ಸಣಕಲು, ಹೊಟ್ಟೆ ಮಾತ್ರ ಮಡಕೆಯ ಹಾಗೆ, ಕೂದಲಿಗೆ ಹೊಳಪಿಲ್ಲ ಎಂದಾದರೆ ಜಂತುಹುಳು ಎಂದೇ ಹೇಳಬಹುದು. ಮರಿ ಹುಟ್ಟುವಾಗಲೇ ಹುಳು ಹೊತ್ತು ಬಂದಿರುತ್ತದೆ. ದುಂಡುಹುಳು ತಾಯಿಯ ಗರ್ಭದಲ್ಲಿದ್ದಾಗಲೇ ಮರಿಗೆ ದಾಟುತ್ತದೆ. ಕೊಕ್ಕೆಹುಳು ಹಾಲಿನ ಮೂಲಕ ಬರುತ್ತದೆ. ದುಂಡುಹುಳು ವಾಂತಿಯಲ್ಲೋ ಮಲದಲ್ಲೋ ಬಿದ್ದರೆ ಬೇಯಿಸಿದ ಶಾವಿಗೆ ಎಳೆ ಸುರುಳಿ ಸುತ್ತಿದ ಹಾಗಿರುತ್ತದೆ. ಕೊಕ್ಕೆಹುಳು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಲ ಡಾಂಬರಿನಂತೆ ಕಪ್ಪಗಾಗುತ್ತದೆ, ಒಸಡು ದಿನದಿಂದ ದಿನಕ್ಕೆ ಬಿಳಿಚುತ್ತದೆ. ಜಂತು ಅಂದರೆ ಸಣ್ಣ ವಿಷಯ ಎಂದುಕೊಳ್ಳುತ್ತಾರೆ. ಕೊಕ್ಕೆಹುಳು ಜಾಸ್ತಿಯಾಗಿ ರಕ್ತವಿಲ್ಲದೆ ಸತ್ತ ಮರಿಗಳಿವೆ.

ಔಷಧಿ ಸುಲಭ. ಮರಿಗಳಿಗೆಂದೇ ಪೈರಾಂಟೆಲ್ ಇರುವ ಸಿರಪ್ ಸಿಗುತ್ತದೆ. ಎರಡು ವಾರದ ವಯಸ್ಸಿನಿಂದಲೇ ಶುರುಮಾಡಿ ಎರಡು ವಾರಕ್ಕೊಮ್ಮೆ ಎರಡು ತಿಂಗಳವರೆಗೆ, ಆಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ. ಪ್ರಮಾಣ ತೂಕದ ಮೇಲೆ ಹೋಗುತ್ತದೆ. ಹಾಗಾಗಿ ಅಂದಾಜಿನಲ್ಲಿ ಕೊಡಬೇಡಿ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬುಟ್ಟಿ ಇಟ್ಟು ಮರಿಯನ್ನು ಕೂರಿಸಿ ತೂಗಿ, ಆ ತೂಕ ಹೇಳಿ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಹೋಗುವಾಗ ಆ ದಿನದ ಮಲವನ್ನು ಒಂದು ಸಣ್ಣ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ಯಾವ ಹುಳು ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಜಿಯಾರ್ಡಿಯಾ, ಕಾಕ್ಸಿಡಿಯಾ ಎಂಬ ಇನ್ನೆರಡು ಪರಾವಲಂಬಿಗಳಿವೆ. ಅವಕ್ಕೆ ಈ ಸಿರಪ್ ನಾಟುವುದಿಲ್ಲ, ಬೇರೆ ಔಷಧಿ ಬೇಕು. ಮನೆಯಲ್ಲಿ ಮಕ್ಕಳಿರುವುದರಿಂದ ಮರಿಯ ಮಲವನ್ನು ದಿನಾ ತೆಗೆದು ಹೂತುಬಿಡಿ. ದುಂಡುಹುಳು, ಕೊಕ್ಕೆಹುಳು ಎರಡರ ಮರಿಹುಳುಗಳು ಮನುಷ್ಯರ ಮೈಗೂ ಸೇರುತ್ತವೆ. ಒದ್ದೆ ಮಣ್ಣಿನಲ್ಲಿ ಮಕ್ಕಳು ಬರಿಗಾಲಲ್ಲಿ ಆಡದಿರಲಿ, ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ.

ಉಣುಗು ನಮ್ಮ ಮಲೆನಾಡಿನ ದೊಡ್ಡ ತಲೆನೋವು. ನಿಮ್ಮ ಮರಿಗೆ ಈಗ 52 ದಿನ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಕೊಡುವ ಉಣುಗಿನ ಮಾತ್ರೆಗಳನ್ನು ಸಾಮಾನ್ಯವಾಗಿ ಎಂಟು ವಾರ ತುಂಬಿ, ಎರಡು ಕೆಜಿ ದಾಟಿದ ಮೇಲೆ ಕೊಡುವುದು. ಅಲ್ಲಿವರೆಗೆ ಕೈಯಿಂದಲೇ ತೆಗೆಯಿರಿ. ಚಿಮುಟದಲ್ಲಿ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು, ತಿರುಚದೆ ನೇರವಾಗಿ ಎಳೆಯಬೇಕು. ಉಗುರಿನಲ್ಲಿ ಹಿಂಡಬೇಡಿ. ತೆಗೆದದ್ದನ್ನು ಸ್ಪಿರಿಟ್ ಇರುವ ಬಾಟಲಿಗೆ ಹಾಕಿ. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಹುಡುಕಿ. ಫಿಪ್ರೊನಿಲ್ ಸ್ಪ್ರೇ ಬಹಳ ಎಳೆಯ ಮರಿಗಳಿಗೂ ಆಗುತ್ತದೆ, ಎಷ್ಟು ಹೊಡೆಯಬೇಕೆಂದು ಡಾಕ್ಟರನ್ನು ಕೇಳಿ. ಹೊಟ್ಟೆ ತುಂಬಿದ ಹೆಣ್ಣು ಉಣುಗು ಕೆಳಗೆ ಬಿದ್ದು ಗೋಡೆಯ ಬಿರುಕಿನಲ್ಲಿ, ಹಳೇ ಗೋಣಿಚೀಲದಲ್ಲಿ, ಸೌದೆ ರಾಶಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೇ ಮರಿಗೆ ಎಷ್ಟು ಔಷಧಿ ಹೊಡೆದರೂ ಮಲಗುವ ಜಾಗ ಹಾಗೇ ಇದ್ದರೆ ವಾರದಲ್ಲಿ ಮತ್ತೆ ಅದೇ ಪಾಡು.

ದಯವಿಟ್ಟು ದನಕ್ಕೆ ತಂದ ಉಣುಗಿನ ಔಷಧಿಯನ್ನು ಮರಿಗೆ ಹಾಕಬೇಡಿ. ಹೊಗೆಸೊಪ್ಪು ಬೆಳೆಯುವ ಅರಕಲಗೂಡು ಕಡೆ ಹೊಗೆಸೊಪ್ಪಿನ ನೀರು ಹಚ್ಚುವವರನ್ನು ನೋಡಿದ್ದೇನೆ, ಇನ್ನು ಕೆಲವರು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುತ್ತಾರೆ. ಮರಿ ಮೈಯನ್ನು ನೆಕ್ಕಿಕೊಳ್ಳುತ್ತದೆ. ನಿಕೋಟಿನ್, ಕರ್ಪೂರ ಎರಡೂ ಅದಕ್ಕೆ ವಿಷ, ಫಿಟ್ಸ್ ಬರಿಸುತ್ತವೆ. ಹಚ್ಚಿದವರು ಮರಿಯ ಮೇಲಿನ ಪ್ರೀತಿಯಿಂದಲೇ ಹಚ್ಚಿರುತ್ತಾರೆ. ಅದೇ ನನಗೆ ಹೆಚ್ಚು ನೋವು ಕೊಡುವ ಸಂಗತಿ.

ಉಣುಗು ಕಚ್ಚಿದ ಮರಿಯಲ್ಲಿ ಜ್ವರ, ಸುಸ್ತು, ಬಿಳಿಚಿದ ಒಸಡು, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಕಂಡರೆ ಅದು ಬಬೇಸಿಯಾ ಆಗಿರಬಹುದು. ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಕಂಡರೆ ಎರ್ಲಿಕಿಯಾ ಆಗಿರಬಹುದು. ಎರಡನ್ನೂ ಜನ ಟಿಕ್ ಫೀವರ್ ಎಂದೇ ಕರೆಯುತ್ತಾರೆ. ಔಷಧಿ ಮಾತ್ರ ಬೇರೆ ಬೇರೆ. ರಕ್ತ ಪರೀಕ್ಷೆ ಮಾಡಿಸದೆ ಊಹೆಯ ಮೇಲೆ ಇಂಜೆಕ್ಷನ್ ಹಾಕಿಸಬೇಡಿ. ಎರ್ಲಿಕಿಯಾಗೆ ಕೊಡುವ ಡಾಕ್ಸಿಸೈಕ್ಲಿನ್ ಕೋರ್ಸ್ ಸುಮಾರು ನಾಲ್ಕು ವಾರ. ಐದನೇ ದಿನಕ್ಕೆ ಮರಿ ಕುಣಿಯುತ್ತದೆ, ಜನ ಮಾತ್ರೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ನಿಮ್ಮ ಜಿಲ್ಲೆಯಲ್ಲಿ ಮಂಗನ ಕಾಯಿಲೆಯೂ ಇರುವುದರಿಂದ ಇನ್ನೊಂದು ಮಾತು. ಆ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಬೇಸಿಗೆಯಲ್ಲಿ ಕಾಡಂಚಿಗೆ ಹೋಗಿಬಂದ ನಾಯಿಯನ್ನು ಹಾಸಿಗೆಗೆ ಬಿಟ್ಟುಕೊಳ್ಳುವ ಮೊದಲು ಮೈ ನೋಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಹಳೇ ಜಾಗ. ಬೇಡ. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬದುಕಿರುತ್ತದೆ. ಬಿಸಿಲು ಬೀಳದ, ಒದ್ದೆ ಆರದ ಮಲೆನಾಡಿನ ಜಗುಲಿ ಮೂಲೆ ಅದಕ್ಕೆ ಹೇಳಿಮಾಡಿಸಿದ ಜಾಗ. ಫಿನೈಲ್ ಹಾಕಿ ತೊಳೆದಿದ್ದೇವೆ ಎಂದು ಬಹಳ ಮಂದಿ ಹೇಳುತ್ತಾರೆ. ಫಿನೈಲನ್ನು ನಂಬಿ ಕೂರುವಂತಿಲ್ಲ, ಮೇಲಾಗಿ ನೆಕ್ಕಿದ ಮರಿಗೆ ಅದೇ ವಿಷ. ಬ್ಲೀಚ್ ಬೇಕು. ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣ ಒಂದು ಪಾಲಿಗೆ ನೀರು ಮೂವತ್ತು ಪಾಲು. ಮೊದಲು ಸೋಪು ನೀರಿನಲ್ಲಿ ಉಜ್ಜಿ ಕೊಳೆಯನ್ನೆಲ್ಲ ತೆಗೆಯಬೇಕು. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಗೇ ಖರ್ಚಾಗುತ್ತದೆ. ಆಮೇಲೆ ದ್ರಾವಣ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸಿಮೆಂಟು, ಟೈಲ್ಸ್, ಸ್ಟೀಲ್ ತಟ್ಟೆಗೆ ಇದು ಸರಿ. ಮಣ್ಣಿನ ನೆಲಕ್ಕೆ ಆಗುವುದಿಲ್ಲ. ಹಳೇ ಹಾಸಿಗೆ, ಗೋಣಿ, ಕತ್ತಿನ ಪಟ್ಟಿ ಸುಟ್ಟುಬಿಡಿ. ಲಸಿಕೆಗಳೆಲ್ಲ ಮುಗಿಯುವವರೆಗೆ ಈ ಮರಿಯನ್ನು ಮನೆಯ ಬೇರೆ ಭಾಗದಲ್ಲಿ, ಹಿಂದಿನ ಮರಿ ಓಡಾಡದ ಕಡೆ ಇರಿಸಿ. ತೋಟದಿಂದ ಬಂದ ಚಪ್ಪಲಿ, ಬೂಟು ಹೊರಗೇ ಇರಲಿ. ವೈರಸ್ ಅದರಲ್ಲೂ ಬರುತ್ತದೆ.

ಲಸಿಕೆ ಯಾವಾಗ ಎಂದರೆ, ಈ ಭೇದಿ ನಿಂತು ಡಾಕ್ಟರು ನೋಡಿ ಹೂಂ ಎಂದ ಕೂಡಲೇ. ಸಾಮಾನ್ಯವಾಗಿ 45 ದಿನದ ಸುಮಾರಿಗೆ ಮೊದಲನೆಯದು. ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ. "ಒಂದು ಹಾಕಿಸಿದ್ದೇವಲ್ಲ, ಇಷ್ಟೊಂದು ಯಾಕೆ?" ಎಂದು ಎಲ್ಲರೂ ಕೇಳುತ್ತಾರೆ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವವರೆಗೆ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಒಂದು ಮರಿಯಲ್ಲಿ ಎಂಟನೇ ವಾರಕ್ಕೆ ಇಳಿದರೆ ಇನ್ನೊಂದರಲ್ಲಿ ಹದಿನಾಲ್ಕಕ್ಕೆ ಇಳಿಯುತ್ತದೆ. ಯಾವುದು ಯಾವಾಗ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಕೊನೆಯ ಡೋಸ್ ತಪ್ಪಿಸಿದ ಮರಿಗಳೇ ನಾಲ್ಕನೇ ತಿಂಗಳಲ್ಲಿ ಪಾರ್ವೋ ಹಿಡಿಸಿಕೊಂಡು ಬರುತ್ತವೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು. ಮಳೆಗಾಲದಲ್ಲಿ ನಿಮ್ಮ ಕಡೆ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಹಾಗಾಗಿ ತಂದು ಮನೆ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವ ಯೋಚನೆ ಬೇಡ, ಮರಿಯನ್ನೇ ಆಸ್ಪತ್ರೆಗೆ ಒಯ್ಯಿರಿ.

ಅದೇ ಲಸಿಕೆ ಇನ್ನೆರಡು ಕೆಟ್ಟ ರೋಗಗಳನ್ನೂ ತಡೆಯುತ್ತದೆ. ಒಂದು ಡಿಸ್ಟೆಂಪರ್. ಕಣ್ಣಲ್ಲಿ ಕೀವು, ಮೂಗಿನಲ್ಲಿ ಗಟ್ಟಿ ಸಿಂಬಳ, ಕೆಮ್ಮು, ಜ್ವರ ಬಂದು ಒಂದು ಸಲ ಇಳಿದ ಹಾಗೆ ಕಾಣುತ್ತದೆ. ಕೆಲವು ವಾರ ಬಿಟ್ಟು ನಿದ್ದೆಯಲ್ಲೂ ಕಾಲು ಅದುರುವುದು, ಏನೂ ಇಲ್ಲದೆ ದವಡೆ ಆಡಿಸುವುದು, ಫಿಟ್ಸ್ ಶುರುವಾಗುತ್ತದೆ. ಆ ಹಂತಕ್ಕೆ ಹೋದ ಮೇಲೆ ನಮ್ಮ ಕೈಯಲ್ಲಿ ಮಾಡುವಂಥದ್ದು ಬಹಳ ಕಡಿಮೆ. ಇನ್ನೊಂದು ಇಲಿ ಜ್ವರ. ಇಲಿಯ ಮೂತ್ರ ಸೇರಿದ ಗುಂಡಿಯ ನೀರು ಕುಡಿದರೆ ಬರುತ್ತದೆ. ವಾಂತಿ, ಜ್ವರ, ಕಣ್ಣಿನ ಬಿಳಿ ಭಾಗ ಹಳದಿಯಾಗುವುದು. ಇದು ಮನುಷ್ಯರಿಗೂ ಹರಡುವುದರಿಂದ ಅಂಥ ಮರಿಯ ಮೂತ್ರವನ್ನು ಬರಿಗೈಯಲ್ಲಿ ಒರೆಸಬೇಡಿ.

ಚರ್ಮದ ಕಾಯಿಲೆ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಕಣ್ಣು, ಬಾಯಿ ಸುತ್ತ ತುರಿಕೆಯಿಲ್ಲದೆ ಕೂದಲು ಉದುರುವುದು ಒಂದು ಬಗೆಯ ಕಜ್ಜಿ. ಅಲ್ಲಲ್ಲಿ ಸ್ವಲ್ಪ ಇದ್ದರೆ ತಾನಾಗಿ ವಾಸಿಯಾಗುವುದೂ ಉಂಟು. ಕಿವಿಯ ಅಂಚು, ಮೊಣಕೈ ಹತ್ತಿರ ನಿದ್ದೆಗೆಡಿಸುವಷ್ಟು ತುರಿಕೆಯಿದ್ದರೆ ಅದು ಇನ್ನೊಂದು ಬಗೆ, ನಿಮಗೂ ಅಂಟುತ್ತದೆ. ಎರಡಕ್ಕೂ ಗ್ಯಾರೇಜಿನ ಸುಟ್ಟ ಆಯಿಲ್ ಹಚ್ಚಬಾರದು.

ಕಾಫಿ ತೋಟದ ಮನೆಯಾದ್ದರಿಂದ ಇದನ್ನೂ ಹೇಳಲೇಬೇಕು. ಕಾಫಿಯ ಕೆಫೀನ್ ನಾಯಿಗೆ ವಿಷ. ಅಡುಗೆಮನೆ ಹಿಂದೆ ಎಸೆಯುವ ಸೋಸಿದ ಕಾಫಿ ಚರಟ, ಕಣದಲ್ಲಿ ಒಣಗುವ ಕಾಫಿ ಹಣ್ಣು, ಬೀಜ ಮರಿಯ ಬಾಯಿಗೆ ಸಿಗದಿರಲಿ. ತಿಂದರೆ ಚಡಪಡಿಸುತ್ತದೆ, ಎದೆ ಡವಗುಟ್ಟುತ್ತದೆ, ನಡುಕ ಹತ್ತುತ್ತದೆ. ಇಲಿ ಪಾಷಾಣ, ತೋಟಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿಗಳದ್ದೂ ಇದೇ ಮಾತು. ಏನಾದರೂ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಪ್ಯಾಕೆಟ್ಟನ್ನೂ ಮರಿಯನ್ನೂ ಒಟ್ಟಿಗೆ ಹಿಡಿದುಕೊಂಡು ಹೊರಡಿ. ಮಳೆಗಾಲದಲ್ಲಿ ಮರಿ ನೆಲಗಪ್ಪೆಯನ್ನು ಬಾಯಿಗೆ ಹಾಕಿಕೊಂಡು ನೊರೆ ಸುರಿಸಿದರೆ ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆಯನ್ನು ಮತ್ತೆ ಮತ್ತೆ ಒರೆಸಿ. ತೂರಾಡಿದರೆ ಡಾಕ್ಟರಿಗೆ ತೋರಿಸಿ. ಹಳ್ಳದ ನೀರು ಕುಡಿದ ಮರಿಯ ಒಂದೇ ಹೊಳ್ಳೆಯಿಂದ ರಕ್ತ ಬರುತ್ತಾ ಸೀನುತ್ತಿದ್ದರೆ ಮೂಗಿನೊಳಗೆ ಜಿಗಣೆ ಸೇರಿರಬಹುದು. ನೀವೇ ಕಡ್ಡಿ ಹಾಕಿ ಕೆದಕಬೇಡಿ.

ಕೊನೆಯದಾಗಿ ಮಕ್ಕಳ ಕೈ ಕಚ್ಚುವ ವಿಷಯ. ಮರಿ ಆಟಕ್ಕೆ ಕಚ್ಚುವುದು ಸಹಜ. ಆದರೆ ರೇಬಿಸ್ ಲಸಿಕೆ ಹಾಕುವುದು ಮೂರು ತಿಂಗಳಿಗೆ. ಅಲ್ಲಿವರೆಗೆ ನಿಮ್ಮ ಮರಿಗೆ ಆ ರಕ್ಷಣೆ ಇಲ್ಲ. ಎಳೆಯ ಮರಿಯಿಂದ ರೇಬಿಸ್ ಬರುವುದಿಲ್ಲ ಎಂದು ನಂಬಿರುವವರು ಬಹಳ ಜನ. ಅದು ತಪ್ಪು. ರೋಗ ಅಂಟಿದ ಮರಿಯಿಂದಲೂ ಬರುತ್ತದೆ. ಹಲ್ಲು ತಾಗಿ ಗೀರಿದ್ದರೂ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿ ಪುಡಿ, ಸುಣ್ಣ ಏನೂ ಹಚ್ಚಬೇಡಿ. ಮಗುವನ್ನು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮರಿಗೆ ಎಷ್ಟು ದಿನ, ಲಸಿಕೆ ಆಗಿದೆಯೋ ಇಲ್ಲವೋ ಅಲ್ಲಿ ಹೇಳಿ. ಇಲ್ಲಿವರೆಗೆ ಆಗಿರುವ ಗೀರುಗಳ ವಿಷಯವನ್ನೂ ಇವತ್ತೇ ಹೇಳಿ. ಇಂಜೆಕ್ಷನ್ ಬೇಕೋ ಬೇಡವೋ ಅವರೇ ತೀರ್ಮಾನಿಸಲಿ.